ಸೈನಿಕನ ಕೆಳಗಿನ ನೆಲ

ಗೆರ್ವುಪಿಸ್, ಲಿಥುವೇನಿಯಾ
೧೪ ಆಗಸ್ಟ್ ೨೦೨೨

ಪ್ರೀತಿಯ ರಿಮ್ಮಾ,

ಈ ಕಾಗದವನ್ನು ಸ್ತಾಸೆಯ ಕೈಯಲ್ಲಿ ಕಳಿಸುತ್ತಿದ್ದೇನೆ. ನಿಮ್ಮೂರಲ್ಲಿ ಹಾಸಿಗೆ ಹಿಡಿದಿರುವ ತಾಯಿಯನ್ನು ನೋಡೋಕೆ ಅವಳು ಆಗಾಗ ಸೇತುವೆ ದಾಟಿ ಬರುತ್ತಾಳಲ್ಲ, ಈ ಯುದ್ಧದಲ್ಲಿ ಅಂಚೆ ನಿಂತ ಮೇಲೆ ನಮ್ಮಿಬ್ಬರಿಗೂ ಅವಳೇ ಅಂಚೆ. ಗಡಿಯಾಚೆಗೆ ಫೋನ್ ಮಾಡಬೇಡ ಎಂದು ನಿನ್ನ ಮಗ ಹೇಳಿದ್ದಾನಂತೆ. ಇರಲಿ, ಅವನ ಭಯ ಅವನಿಗೆ.

ನಾನು ಓಡಾಡಿಕೊಂಡಿದ್ದೇನೆ. ಸೌತೆಬಳ್ಳಿ ಈ ಸಲ ಬೇಲಿ ಹತ್ತಿ ಪಕ್ಕದ ಮನೆಗೂ ಹೋಗಿದೆ. ಉಪ್ಪುನೀರಿಗೆ ಹಾಕಲು ಜಾಡಿ ಸಾಲದು. ನಿನ್ನ ಅಣ್ಣ ಹೋಗಿ ಇಷ್ಟು ವರ್ಷವಾದರೂ ಜಾಡಿಯ ಮುಚ್ಚಳ ಬಿಗಿಯುವಾಗ ಬಾಯಿತಪ್ಪಿ ‘ಅರ್ಸೆನಿ’ ಎಂದು ಕೂಗಿಬಿಡುತ್ತೇನೆ. ಮೇಲಿನ ಕೋಣೆಯ ಕಿಟಕಿ ತೆಗೆಸಿ ಗೋಡೆಗೆ ಸುಣ್ಣ ಹೊಡೆಸಿದೆ. ಸುಮ್ಮನೆ ಮುಚ್ಚಿಟ್ಟು ಏನು ಮಾಡುವುದು.

ಈಗ ಹೇಳಬೇಕಾದ್ದು. ಚೌಕದಲ್ಲಿರುವ ಕಂಚಿನ ಸೈನಿಕನನ್ನು ತೆಗೆಯುತ್ತಾರೆ. ರಾಜಧಾನಿಯಿಂದ ಆದೇಶ ಬಂದಿದೆ. ಸೋವಿಯತ್ ಕಾಲದ ಯಾವ ಸ್ಮಾರಕವೂ ಊರ ನಡುವೆ ಇರಕೂಡದು ಅಂತ. ಮೊದಲು ಅಡಿಯ ನೆಲ ಅಗೆದು, ಮೂಳೆಗಳನ್ನು ಸ್ಮಶಾನಕ್ಕೆ ಸಾಗಿಸಿ, ಆಮೇಲೆ ವಿಗ್ರಹದ ವಿಚಾರ. ಮ್ಯೂಸಿಯಂನಿಂದ ಉಗ್ನೆ ಎಂಬ ಹುಡುಗಿ ಬಂದಿದ್ದಳು. ಒಡೆಯುವುದು ಅವಳಿಗೆ ಇಷ್ಟವಿಲ್ಲ. ಇದ್ದದ್ದನ್ನೇ ಬೇರೆ ರೀತಿ ಇಟ್ಟು, ಪಕ್ಕದಲ್ಲಿ ಫಲಕ ಹಾಕಿ, ನೋಡುವವರು ಹೊಸದಾಗಿ ಅರ್ಥ ಮಾಡಿಕೊಳ್ಳುವ ಹಾಗೆ ಮಾಡೋಣ ಅನ್ನುತ್ತಾಳೆ. ಆ ಕಲ್ಲಿನ ಮೇಲಿರುವ ಹನ್ನೊಂದು ಹೆಸರಲ್ಲಿ ನಿಮ್ಮಪ್ಪನದೂ ಒಂದಲ್ಲವೇ. ಸತ್ತವರ ಸಂಬಂಧಿ ಅಂತ ಈ ಊರಲ್ಲಿ ಉಳಿದಿರುವುದು ನಾನೊಬ್ಬಳೇ. ಸೊಸೆಯಾದರೂ ಸರಿ ಅಂತ ನನ್ನನ್ನು ಸಮಿತಿಗೆ ಹಾಕಿಕೊಂಡಿದ್ದಾರೆ. ಜೊತೆಗೆ ಶಾಲೆಯಲ್ಲಿ ಪಾಠ ಮಾಡಿದವಳು, ಫಲಕದ ಮಾತು ನೀವೇ ಬರೀಬೇಕು ಅಂತ ಬೇರೆ.

ನೀನು ಯೆಫಿಮ್ ಅವರ ಮಗಳು. ನಿನ್ನ ಅಭಿಪ್ರಾಯ ಕೇಳದೆ ಒಂದಕ್ಷರ ಬರೆಯುವುದಿಲ್ಲ.

ನಿನ್ನ ಮೊಮ್ಮಗ, ನಮ್ಮ ಜಖಾರ್ ಹೇಗಿದ್ದಾನೆ? ಇಲ್ಲಿ ರಜೆಗೆ ಬಂದಾಗ ಸೇಬಿನ ಮರದಿಂದ ಇಳಿಯುತ್ತಿರಲಿಲ್ಲ. ಈಗ ಗಡ್ಡ ಬಿಟ್ಟಿದ್ದಾನಂತೆ, ಸ್ತಾಸೆ ಹೇಳಿದಳು.

ನಿನ್ನ ಅತ್ತಿಗೆ,
ತೆಕ್ಲೆ


ಸೋವೆತ್ಸ್ಕ್, ರಷ್ಯಾ
೨ ಸೆಪ್ಟೆಂಬರ್ ೨೦೨೨

ತೆಕ್ಲೆ ಅವರಿಗೆ,

ನಿಮ್ಮ ಕಾಗದ ತಲುಪಿತು.

ಹೊಸದಾಗಿ ಅರ್ಥ ಮಾಡಿಕೊಳ್ಳೋದು ಅಂದರೆ ಏನು, ನನಗೆ ತಿಳಿಯಲಿಲ್ಲ. ಅಲ್ಲಿ ಅರ್ಥವಾಗದ್ದು ಏನಿದೆ? ನಮ್ಮಪ್ಪ ನಿಮ್ಮ ಊರಿನಲ್ಲಿ ಸತ್ತರು. ನಾನು ಹುಟ್ಟೋ ಮುಂಚೆ ಸತ್ತರು. ಯುದ್ಧ ಮುಗಿದ ಮೇಲೆ ನಮ್ಮಮ್ಮ ಎರಡು ಮಕ್ಕಳನ್ನು ಕಟ್ಟಿಕೊಂಡು, ಗಂಡ ಇರುವ ಕಡೆಯೇ ಇರುತ್ತೇನೆ ಅಂತ, ಭಾಷೆ ಗೊತ್ತಿಲ್ಲದ ಊರಿಗೆ ಬಂದರು. ಡೈರಿಯಲ್ಲಿ ಕ್ಯಾನ್ ತೊಳೆದು ಕೈ ಬಿರಿದುಹೋಗಿತ್ತು. ಆ ಕೈಯಲ್ಲೇ ಪ್ರತಿ ಶನಿವಾರ ಬಕೆಟ್ ಹಿಡಿದುಕೊಂಡು ಹೋಗಿ ಆ ಕಲ್ಲು ತೊಳೀತಿದ್ದರು. ನೀವು ನೋಡಿದ್ದೀರಿ. ನೀರು ತಂದುಕೊಟ್ಟಿದ್ದೀರಿ. ಮೇ ಒಂಬತ್ತರ ವಿಜಯದಿನದಂದು ನಮ್ಮ ಜೊತೆ ಹೂ ಹಿಡಿದುಕೊಂಡು ನಿಂತಿದ್ದೀರಿ. ಆಗ ಅರ್ಥವಾಗಿದ್ದು ಈಗ ಆಗ್ತಿಲ್ವಾ?

ನಿಮ್ಮ ಸಮಿತಿಗೆ ನನ್ನ ಅಭಿಪ್ರಾಯ ಬೇಕಂತೆ. ಫಲಕದಲ್ಲಿ ‘ಈ ಊರನ್ನು ಜರ್ಮನ್ನರಿಂದ ಬಿಡಿಸಿದವರು’ ಅಂತ ಈಗ ಇದೆ. ಅದೇ ಇರಲಿ. ನಮ್ಮಪ್ಪನ ಮೂಳೆ ಮುಟ್ಟಬೇಡಿ. ಇಷ್ಟೇ ನನ್ನ ಅಭಿಪ್ರಾಯ.

ಜಖಾರ್ ದಕ್ಷಿಣದ ಕಡೆ ಕೆಲಸಕ್ಕೆ ಹೋಗಿದ್ದಾನೆ. ಚೆನ್ನಾಗಿದ್ದಾನೆ.

ರಿಮ್ಮಾ


ಗೆರ್ವುಪಿಸ್
೨೦ ಅಕ್ಟೋಬರ್ ೨೦೨೨

ಪ್ರೀತಿಯ ರಿಮ್ಮಾ,

ನಿನ್ನ ಕಾಗದವನ್ನು ಮಡಿಸಿ ಡಬ್ಬಿಯಲ್ಲಿ ಇಟ್ಟೆ, ಮತ್ತೆ ತೆಗೆದೆ, ಮತ್ತೆ ಇಟ್ಟೆ. ನೀನು ಕೇಳಿದ್ದು ನ್ಯಾಯವೇ. ನಾನು ಹೂ ಹಿಡಿದುಕೊಂಡು ನಿಂತಿದ್ದೆ. ಅದಕ್ಕೇ ಇದನ್ನು ಹೇಳುತ್ತಿದ್ದೇನೆ. ಹೇಳುವುದರಿಂದ ಏನೋ ಆಗುತ್ತದೆ ಅಂತ ಅಲ್ಲ. ನನಗೆ ಎಂಬತ್ತು ಹತ್ತಿರ ಬಂತು.

ನನಗೊಬ್ಬ ಅಣ್ಣನಿದ್ದ, ಯುರ್ಗಿಸ್. ಬಾಲ್ಯದಲ್ಲಿ ಜ್ವರ ಬಂದು ಹೋದ ಅಂತ ನಿಮಗೆಲ್ಲ ಹೇಳಿಕೊಂಡು ಬಂದೆ. ಅವನು ಜ್ವರದಿಂದ ಹೋಗಲಿಲ್ಲ. ಸೋವಿಯತ್ ಸೈನ್ಯದ ವಿರುದ್ಧ ಕಾಡು ಸೇರಿದ್ದ ಹುಡುಗರಲ್ಲಿ ಅವನೂ ಒಬ್ಬ. ೧೯೪೯ರಲ್ಲಿ, ನಾನು ಆರು ವರ್ಷದವಳಿದ್ದಾಗ, ಅವನನ್ನೂ ಇನ್ನು ಮೂವರನ್ನೂ ಕೊಂದು ತಂದು ಚೌಕದಲ್ಲಿ ಸಾಲಾಗಿ ಮಲಗಿಸಿದರು. ಸಂತೆಯ ದಿನ. ಯಾರು ಅಳುತ್ತಾರೆ, ಯಾರು ನಿಂತು ನೋಡುತ್ತಾರೆ ಅಂತ ಪಕ್ಕದಲ್ಲೇ ನಿಂತು ಗಮನಿಸುತ್ತಿದ್ದರು. ಅತ್ತವರ ಮನೆಯವರನ್ನೆಲ್ಲ ಗೂಡ್ಸ್ ರೈಲಿಗೆ ತುಂಬಿ ಸೈಬೀರಿಯಾಕ್ಕೆ ಕಳಿಸುತ್ತಿದ್ದರು.

ಸುದ್ದಿ ನಮ್ಮ ಮನೆಗೆ ಮೊದಲೇ ಬಂದಿತ್ತು. ಸಂತೆಗೆ ಹೋಗದಿದ್ದರೂ ಅನುಮಾನ ಬರುತ್ತದೆ ಅಂತ ಅಮ್ಮ ಮೊಟ್ಟೆಯ ಬುಟ್ಟಿ ತೆಗೆದುಕೊಂಡು ನನ್ನ ಕೈ ಹಿಡಿದು ಹೊರಟಳು. ದಾರಿಯಲ್ಲಿ, “ಏನ್ ಕಂಡ್ರೂ ನಿನ್ ಮುಖ ಅಲುಗಬಾರದು, ಗೊತ್ತಾಯ್ತಾ” ಅಂದಳು. ಅಲುಗಲಿಲ್ಲ. ಅವನ ಒಂದು ಕಾಲಿನ ಬೂಟು ಇರಲಿಲ್ಲ. ಅಮ್ಮ ಹೆಣೆದ ಕಾಲುಚೀಲ ಕಾಣುತ್ತಿತ್ತು, ಹಿಮ್ಮಡಿಯ ಹತ್ತಿರ ಬೇರೆ ಬಣ್ಣದ ನೂಲು. ನಾವು ಮೊಟ್ಟೆ ಮಾರಿ ಉಪ್ಪು ತೆಗೆದುಕೊಂಡು ಅದೇ ದಾರಿಯಲ್ಲಿ ವಾಪಸ್ ಬಂದೆವು. ಮನೆಗೆ ಬಂದ ಮೇಲಾದರೂ ಅಮ್ಮ ಅಳುತ್ತಾಳೆ ಅಂದುಕೊಂಡೆ. ಒಲೆ ಹಚ್ಚಿದಳು. ಅವರನ್ನು ಆಮೇಲೆ ಎಲ್ಲಿ ಹಾಕಿದರೋ ಯಾರಿಗೂ ಗೊತ್ತಿಲ್ಲ. ಜಲ್ಲಿ ಗುಂಡಿ ಅನ್ನುತ್ತಾರೆ, ಹಾಳು ಬಾವಿ ಅನ್ನುತ್ತಾರೆ.

ಕೆಲವು ವರ್ಷ ಬಿಟ್ಟು ಅದೇ ಜಾಗದಲ್ಲಿ ನಿಮ್ಮ ಸೈನಿಕನನ್ನು ನಿಲ್ಲಿಸಿದರು.

ಮದುವೆಯಾದ ವರ್ಷ ಇದನ್ನು ನಿನ್ನ ಅಣ್ಣನಿಗೆ ಹೇಳಿದ್ದೆ. ಅವನು, “ಅಮ್ಮಂಗೆ ಮಾತ್ರ ಹೇಳ್ಬೇಡ” ಅಂದ. ಹೇಳಲಿಲ್ಲ. ನಿಮ್ಮಮ್ಮ ನನ್ನನ್ನು ಮಗಳ ಹಾಗೆ ನೋಡಿಕೊಂಡರು. ಅವರಿಗೆ ನೀರು ತಂದುಕೊಡುವಾಗ ನನಗೆ ಸಿಟ್ಟು ಬರುತ್ತಿರಲಿಲ್ಲ, ದುಃಖವೂ ಬರುತ್ತಿರಲಿಲ್ಲ. ಏನೂ ಆಗುತ್ತಿರಲಿಲ್ಲ. ನಿನಗೆ ಅರ್ಥವಾಗಲಿ ಅಂತ ಹೇಳುತ್ತಿದ್ದೇನೆ, ಅಷ್ಟೇ.

ಸಮಿತಿಯ ಸಭೆ ನಡೆಯಿತು. ಬಸ್ ಓಡಿಸುತ್ತಿದ್ದ ವಾಟ್ಸ್ಲೊವಾಸ್ ನೆನಪಿದ್ದಾನಾ? ಅವನು, “ಕರಗಿಸಿ ಚರ್ಚಿಗೆ ಗಂಟೆ ಮಾಡಿಸ್ರಪ್ಪ, ಭಾನುವಾರಕ್ಕಾದ್ರೂ ಉಪಯೋಗಕ್ಕೆ ಬರ್ತಾನೆ” ಅಂದ. “ಆಮೇಲೆ ಗಂಟೆ ಹೊಡೆದಾಗೆಲ್ಲ ಅವ್ನೇ ಕೂಗ್ದಂಗೆ ಆಗುತ್ತೆ” ಅಂತ ಪಾದ್ರಿಗಳೇ ಬೇಡ ಅಂದರು. ಎಲ್ಲರೂ ನಕ್ಕರು. ಉಗ್ನೆ ನಗಲಿಲ್ಲ. ಅವಳ ಯೋಜನೆ ಹೀಗಿದೆ: ಸೈನಿಕನನ್ನು ಎತ್ತರದ ಪೀಠದಿಂದ ಇಳಿಸಿ ಚೌಕದ ಪಕ್ಕದ ಮ್ಯೂಸಿಯಂ ಅಂಗಳದಲ್ಲಿ ಬರೀ ನೆಲದ ಮೇಲೆ ನಿಲ್ಲಿಸುವುದು. ಚೌಕದಲ್ಲಿ ಆ ಹುಡುಗರನ್ನು ಮಲಗಿಸಿದ್ದ ಕಡೆ ಚಪ್ಪಡಿ ಕಲ್ಲು ಹಾಸುವುದು. ನಡುವೆ ಬೇಲಿ ಮಾತ್ರ. ಮೂಳೆಗಳು ಸ್ಮಶಾನಕ್ಕೆ, ಮರ್ಯಾದೆಯಿಂದ. ನೆಲ ಹೆಪ್ಪುಗಟ್ಟುವ ಮುಂಚೆ ಅಗೆಯಲು ಆಗುವುದಿಲ್ಲವಂತೆ, ಮಾರ್ಚಿಗೆ ಇಟ್ಟುಕೊಂಡಿದ್ದಾರೆ.

ಸತ್ತವರ ದಿನ ಹತ್ತಿರ ಬಂತು. ಅರ್ಸೆನಿಗೂ ನಿಮ್ಮಮ್ಮನಿಗೂ ದೀಪ ಹಚ್ಚುತ್ತೇನೆ. ದಕ್ಷಿಣದಲ್ಲಿ ಜಖಾರ್‌ಗೆ ಯಾವ ಕೆಲಸ, ಕಟ್ಟಡದ್ದಾ? ಅಲ್ಲಿ ಚಳಿ ಕಡಿಮೆಯಿರಬಹುದು. ಆದರೂ ಅವನಿಗೊಂದು ಉಣ್ಣೆಯ ವೆಸ್ಟ್ ಹೆಣೆಯುತ್ತಿದ್ದೇನೆ. ಎದೆಯ ಅಳತೆ ಬರೆದು ಕಳಿಸು.

ತೆಕ್ಲೆ


ಸೋವೆತ್ಸ್ಕ್
೧೧ ಡಿಸೆಂಬರ್ ೨೦೨೨

ಅತ್ತಿಗೆ,

ಯುರ್ಗಿಸ್ ವಿಷಯ ಓದಿದೆ. ಅಣ್ಣನಿಗೆ ಗೊತ್ತಿತ್ತು ಅನ್ನೋದು ನನಗೆ ಗೊತ್ತಿರಲಿಲ್ಲ.

ಇಲ್ಲಿ ಚಳಿ ಶುರುವಾಗಿದೆ. ಎಲೆಕೋಸು ಹುಳಿಗೆ ಹಾಕಿದೆ, ಉಪ್ಪು ಜಾಸ್ತಿ ಆಯ್ತು, ಯಾರೂ ತಿನ್ನಲ್ಲ. ಮಂಡಿ ಹಾಗೇ ಇದೆ.

ಒಂದು ಕೇಳಬೇಕಿತ್ತು. ನೆಲ ಅಗೆದು ಮೂಳೆ ತೆಗೆದಾಗ ಯಾವುದು ಯಾರದು ಅಂತ ಹೇಗೆ ಕಂಡುಹಿಡೀತಾರೆ? ಅಂಗಿಯ ಗುಂಡಿಯೋ ಬೆಲ್ಟಿನ ಬಕಲೋ ಏನಾದರೂ ಉಳಿದಿರುತ್ತಾ? ಎಲ್ಲವೂ ಬೆರೆತುಹೋಗಿದ್ದರೆ? ಒಬ್ಬರದು ಅಂತ ಇನ್ನೊಬ್ಬರದನ್ನು ಕೊಟ್ಟುಬಿಟ್ಟರೆ ಮನೆಯವರಿಗೆ ಗೊತ್ತಾಗುತ್ತಾ? ನಿಮ್ಮ ಆ ಹುಡುಗಿಯನ್ನು ಕೇಳಿ ತಿಳಿಸಿ.

ಜಖಾರ್ ಫೋನ್ ಮಾಡುತ್ತಿಲ್ಲ. ಅಲ್ಲಿ ಸಿಗ್ನಲ್ ಇಲ್ಲವಂತೆ. ಎದೆಯ ಅಳತೆ ನನಗೆ ತಿಳಿಯದು. ಅವರಪ್ಪನಷ್ಟೇ ಇದ್ದಾನೆ.

ರಿಮ್ಮಾ


ಗೆರ್ವುಪಿಸ್
೫ ಏಪ್ರಿಲ್ ೨೦೨೩

ಪ್ರೀತಿಯ ರಿಮ್ಮಾ,

ಚಳಿಗಾಲವಿಡೀ ನಿನ್ನಿಂದ ಮತ್ತೆ ಸುದ್ದಿಯಿಲ್ಲ. ಸ್ತಾಸೆ ಎರಡು ಸಲ ಬಂದುಹೋದಳು. ನಿನ್ನ ಮನೆ ಬಾಗಿಲು ತಟ್ಟಿದರೆ ನಿನ್ನ ಸೊಸೆ ಬಂದು, ಅತ್ತೆ ಮಲಗಿದ್ದಾರೆ ಅಂದಳಂತೆ. ನೀನು ನನ್ನ ಮೇಲೆ ಮುನಿಸಿಕೊಂಡಿದ್ದೀಯ ಅಂತ ಅರ್ಥವಾಯಿತು. ಡಿಸೆಂಬರಿನ ಕಾಗದದಲ್ಲಿ ನೀನು ಕೇಳಿದ ಪ್ರಶ್ನೆಗಳಲ್ಲಿ ಚುಚ್ಚು ಇತ್ತು. ನಮ್ಮವರು ನಿಮ್ಮಪ್ಪನ ಮೂಳೆಯನ್ನು ಎಲ್ಲೆಲ್ಲೋ ಎಸೆದುಬಿಡುತ್ತಾರೆ ಅಂತ ನಿನ್ನ ಭಯವೇನೋ. ಹಾಗೆ ಮಾಡುವಷ್ಟು ಕೆಟ್ಟವರಲ್ಲ ನಾವು.

ಅಗೆತ ಮುಗಿಯಿತು. ಎಲ್ಲವನ್ನೂ ಮರ್ಯಾದೆಯಿಂದ ಮಾಡಿದರು. ಟೆಂಟ್ ಕಟ್ಟಿ, ಕುಂಚದಿಂದ ಮಣ್ಣು ಸರಿಸಿ ಮಾಡಿದರು. ಸ್ಮಶಾನದಲ್ಲಿ ಜಾಗ ಗೊತ್ತುಮಾಡಿದ್ದಾರೆ. ಹನ್ನೊಂದು ಹೆಸರೂ ಹೊಸ ಕಲ್ಲಿನ ಮೇಲೆ ಬರುತ್ತದೆ. ನೀನು ಚಿಂತೆ ಮಾಡಬೇಡ.

ಸೈನಿಕನನ್ನು ಕ್ರೇನಿನಿಂದ ಇಳಿಸಿದರು. ಊರಿಗೂರೇ ಬಂದಿತ್ತು. ಗಲಾಟೆಯಾಗುತ್ತದೆ ಅಂತ ಪೊಲೀಸರನ್ನು ಹಾಕಿದ್ದರು, ಏನೂ ಆಗಲಿಲ್ಲ. ಚಪ್ಪಾಳೆಯಿಲ್ಲ, ಅಳುವಿಲ್ಲ. ಬೆಲ್ಟು ಹಾಕಿ ಎತ್ತಿದಾಗ ಅವನು ಸ್ವಲ್ಪ ತಿರುಗಿದ, ಅಷ್ಟೇ. ಒಳಗೆಲ್ಲ ಟೊಳ್ಳು. ಬೂಟಿನ ತಳದಿಂದ ಹಕ್ಕಿಗೂಡಿನ ಹುಲ್ಲು ಉದುರಿತು. ಆಮೇಲೆ ಎಲ್ಲರೂ ಊಟಕ್ಕೆ ಮನೆಗೆ ಹೋದರು. ನಾನೂ ಹೋದೆ. ಆಲೂಗಡ್ಡೆ ಬೇಯಿಸಿದೆ. ಈ ದಿನ ಬಂದರೆ ಏನೋ ಅನಿಸುತ್ತದೆ ಅಂತ ಎಷ್ಟೋ ವರ್ಷ ಅಂದುಕೊಂಡಿದ್ದೆ. ಆಲೂಗಡ್ಡೆಗೆ ಉಪ್ಪು ಹಾಕಿದೆನೋ ಇಲ್ಲವೋ ಎಂಬುದು ಬಿಟ್ಟು ಬೇರೇನೂ ತಲೆಗೆ ಬರಲಿಲ್ಲ.

ಜಖಾರ್‌ನ ವೆಸ್ಟ್ ಇದರ ಜೊತೆಗಿದೆ. ತೋಳು ಬೇಡ ಅನ್ನುತ್ತಿದ್ದ, ಹಾಗೇ ಹೆಣೆದಿದ್ದೇನೆ.

ತೆಕ್ಲೆ


ಸೋವೆತ್ಸ್ಕ್
೩೦ ಮೇ ೨೦೨೩

ಅತ್ತಿಗೆ,

ವೆಸ್ಟ್ ವಾಪಸ್ ಕಳಿಸುತ್ತಿದ್ದೇನೆ. ಚೆನ್ನಾಗಿ ಹೆಣೆದಿದ್ದೀಯ. ಜಖಾರ್ ಇಲ್ಲ.

ಅವನು ಕಟ್ಟಡದ ಕೆಲಸಕ್ಕೆ ಹೋಗಿರಲಿಲ್ಲ. ದಕ್ಷಿಣ ಅಂದರೆ ಯಾವುದು ಅಂತ ನಿನಗೆ ಗೊತ್ತಾಗುತ್ತೆ ಅಂದುಕೊಂಡೆ. ಗೊತ್ತಾಗಬಾರದು ಅಂತಲೂ ಅಂದುಕೊಂಡೆ. ನಮ್ಮೂರಲ್ಲಿ ಎಲ್ಲರೂ ಹಾಗೇ ಹೇಳೋದು, ಕೆಲಸಕ್ಕೆ ಹೋಗಿದ್ದಾನೆ ಅಂತ. ಸೈನ್ಯದ ಒಪ್ಪಂದಕ್ಕೆ ಸಹಿ ಹಾಕಿ ಬಂದು ಆಮೇಲೆ ನಮಗೆ ಹೇಳಿದ. ಅವರಮ್ಮ ಬಾಗಿಲಿಗೆ ಅಡ್ಡ ನಿಂತಳು. “ಏನಮ್ಮ ನೀನು, ಆರ್ ತಿಂಗ್ಳು, ಹೋಗಿ ಬಂದ್‌ಬಿಡ್ತೀನಿ” ಅಂತ ಅವಳನ್ನು ಎತ್ತಿ ಪಕ್ಕಕ್ಕಿಟ್ಟು ಹೋದ. ನವೆಂಬರಿನಲ್ಲಿ ತೀರಿಕೊಂಡ. ನಾನು ಡಿಸೆಂಬರಿನಲ್ಲಿ ನಿನಗೆ ಬರೆಯುವಾಗ ಸತ್ತಿದ್ದಾನೆ ಅಂತ ಗೊತ್ತಿತ್ತು, ದೇಹ ಬಂದಿರಲಿಲ್ಲ. ಜನವರಿಯಲ್ಲಿ ಸತುವಿನ ತಗಡಿನ ಪೆಟ್ಟಿಗೆ ಬಂತು. ಬೆಸುಗೆ ಹಾಕಿತ್ತು. ತೆರೆಯಬಾರದು ಅಂದರು. ನನ್ನ ಸೊಸೆ ಪೆಟ್ಟಿಗೆಯ ಒಂದು ಮೂಲೆ ಎತ್ತಿ ನೋಡಿ, “ಅತ್ತೆ, ಇದು ಹಗುರ ಇದೆ” ಅಂದಳು. ಅಷ್ಟೇ ಅಂದಿದ್ದು. ಆಮೇಲೆ ಆ ಮಾತು ಮನೆಯಲ್ಲಿ ಯಾರೂ ಆಡಿಲ್ಲ.

ಅದಕ್ಕೇ ನಿನ್ನನ್ನು ಕೇಳಿದ್ದು, ಯಾವುದು ಯಾರದು ಅಂತ ಹೇಗೆ ತಿಳಿಯುತ್ತೆ ಅಂತ. ನಿನ್ನನ್ನು ಚುಚ್ಚೋದಕ್ಕಲ್ಲ.

ಅವನು ಓದಿದ ಶಾಲೆಯ ಗೋಡೆಗೆ ಫಲಕ ಹಾಕುತ್ತಾರಂತೆ. ಸೆಪ್ಟೆಂಬರ್ ಒಂದಕ್ಕೆ, ಶಾಲೆ ಶುರುವಾಗೋ ದಿನ. ಮುಖ್ಯೋಪಾಧ್ಯಾಯಿನಿ ಮನೆಗೆ ಬಂದಿದ್ದಳು. ವೀರನ ಅಜ್ಜಿ ನಾಲ್ಕು ಮಾತಾಡಬೇಕು ಅಂದಳು. ಮುತ್ತಜ್ಜನೂ ಯುದ್ಧದಲ್ಲಿ ಹೋದವರು, ಅವರ ಗೋರಿ ಲಿಥುವೇನಿಯಾದಲ್ಲಿ ಇದೆಯಲ್ಲ, ಅಲ್ಲಿಯವರು ಅದನ್ನು ಕಿತ್ತರಲ್ಲ, ಅದನ್ನೂ ಸೇರಿಸಿ ಅಂದಳು. ಸರಿ ಅಂದೆ. ಏನು ಹೇಳಿದರೂ ಈಗ ಸರಿ ಅಂತೀನಿ.

ನೀನು ಏಪ್ರಿಲ್‌ನಲ್ಲಿ ಬರೆದಿದ್ದನ್ನು ಇವತ್ತು ಮತ್ತೆ ಓದಿದೆ. ಟೆಂಟು, ಕುಂಚ, ಮರ್ಯಾದೆ ಎಲ್ಲ ಇದೆ. ಏನು ಸಿಕ್ಕಿತು ಅಂತ ಇಲ್ಲ. ನೆಲದಲ್ಲಿ ಏನಿತ್ತು? ಇದ್ದದ್ದನ್ನು ಇದ್ದ ಹಾಗೆ ಬರಿ.

ರಿಮ್ಮಾ


ಗೆರ್ವುಪಿಸ್
೧೮ ಜೂನ್ ೨೦೨೩

ರಿಮ್ಮಾ,

ಏನೂ ಇರಲಿಲ್ಲ.

ಪೀಠದ ಅಡಿಯಲ್ಲಿ ಮರಳು, ಹಳೇ ಸಂತೆಕಟ್ಟೆಯ ಇಟ್ಟಿಗೆ, ಕುದುರೆಯ ಹಲ್ಲು. ಅದರ ಕೆಳಗೆ ಯಾರೂ ಮುಟ್ಟದ ಜೇಡಿಮಣ್ಣು. ಅಗೆದವರು ಸುತ್ತಲೂ ವಿಸ್ತಾರವಾಗಿ ನೋಡಿದರು. ಈ ನೆಲದಲ್ಲಿ ಯಾರನ್ನೂ ಯಾವತ್ತೂ ಹೂತಿಲ್ಲ ಅಂದರು. ಸ್ಮಾರಕ ಕಟ್ಟಿದಾಗ ಹೆಸರುಗಳನ್ನು ಮಾತ್ರ ತಂದಿದ್ದಾರೆ. ನಿಮ್ಮಪ್ಪ ಮತ್ತು ಆ ಹತ್ತು ಜನ ಎಲ್ಲಿದ್ದಾರೋ ಗೊತ್ತಿಲ್ಲ. ಬಿದ್ದ ಕಡೆಯೇ ಇರಬಹುದು, ಯಾವುದೋ ಹೊಲದಲ್ಲಿ. ನಿಮ್ಮಮ್ಮ ಅಷ್ಟು ವರ್ಷ ತೊಳೆದ ಕಲ್ಲಿನ ಕೆಳಗೆ ಯಾರೂ ಇರಲಿಲ್ಲ ಅಂತ ನಿನಗೆ ಬರೆಯಲು ನನಗೆ ಕೈ ಬರಲಿಲ್ಲ.

ಜಖಾರ್ ಬಗ್ಗೆ ಏನು ಬರೆಯಲಿ. ನಮಗೆ ಮಕ್ಕಳಾಗಲಿಲ್ಲ. ಈ ಮನೆಯಲ್ಲಿ ಓಡಾಡಿದ ಮಗು ಅವನೊಬ್ಬನೇ. ಅಳು ಬಂದರೆ ಒಳ್ಳೆಯದಿತ್ತು. ವೆಸ್ಟನ್ನು ಬೀರುವಿನಲ್ಲಿ ಇಟ್ಟಿದ್ದೇನೆ.

ಇನ್ನೊಂದು ವಿಷಯ ನಿನ್ನಿಂದ ಮುಚ್ಚಿಟ್ಟಿದ್ದೆ. ಮೇಲಿನ ಕೋಣೆಗೆ ಸುಣ್ಣ ಹೊಡೆಸಿದ್ದು ಸುಮ್ಮನೆ ಅಲ್ಲ. ಕಳೆದ ಬೇಸಿಗೆಯಿಂದ ಅಲ್ಲಿ ಹಲೀನಾ ಎಂಬ ಹೆಂಗಸು ಇದ್ದಳು. ಉಕ್ರೇನಿನವಳು, ಹೊಲಿಗೆ ಮಾಡುತ್ತಾಳೆ. ಅವಳ ಮನೆಯ ಮೇಲೆ ಬಾಂಬು ಬಿತ್ತು, ಗಂಡ ಅವರ ಸೈನ್ಯದಲ್ಲಿದ್ದಾನೆ. ನೀನು ಏನೆಂದುಕೊಳ್ಳುತ್ತೀಯೋ ಅಂತ ಹೇಳಲಿಲ್ಲ. ಅವಳಿಗೂ ನಿನ್ನ ವಿಷಯ ಹೇಳಿರಲಿಲ್ಲ. ಗೋಡೆಯ ಮೇಲಿನ ಫೋಟೋದಲ್ಲಿರುವ ಹುಡುಗ ಯಾರು ಅಂತ ಅವಳು ಒಮ್ಮೆ ಕೇಳಿದ್ದಾಗ, ನಾದಿನಿಯ ಮೊಮ್ಮಗ, ಕಟ್ಟಡದ ಕೆಲಸದಲ್ಲಿದ್ದಾನೆ ಅಂದಿದ್ದೆ. ನಾನೂ ಹಾಗೇ ನಂಬಿದ್ದೆ.

ನಿನ್ನ ಕಾಗದ ಬಂದ ಮರುದಿನ ಬೆಳಗಿನ ತಿಂಡಿಯ ಹೊತ್ತಿನಲ್ಲಿ ಅವಳಿಗೆ ಎಲ್ಲ ಹೇಳಿದೆ. ಬ್ರೆಡ್ಡಿಗೆ ಬೆಣ್ಣೆ ಸವರುತ್ತಿದ್ದವಳು ಸವರಿ ಮುಗಿಸಿದಳು.

“ವಯಸ್ಸೆಷ್ಟು?” ಅಂದಳು.

“ಇಪ್ಪತ್ತಮೂರು.”

“ನನ್ನ ತಮ್ಮನಿಗೂ ಅಷ್ಟೇ ಆಗ್ತಿತ್ತು” ಅಂದಳು. ಅವಳಿಗೆ ತಮ್ಮ ಒಬ್ಬನಿದ್ದ ಅಂತ ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಎದ್ದು ಕಪ್ಪು ತೊಳೆದಿಟ್ಟು ಕೆಲಸಕ್ಕೆ ಹೋದಳು. ಅದೇ ವಾರ ಶಾಲೆಯ ಹಾಸ್ಟೆಲಿನಲ್ಲಿ ಒಂದು ಕೋಣೆ ಸಿಕ್ಕಿತು ಅಂತ ಹೊರಟಳು. ಜಗಳವಿಲ್ಲ, ಕಹಿ ಮಾತಿಲ್ಲ. ನನ್ನನ್ನು ತಬ್ಬಿಕೊಂಡಳು ಕೂಡ. ಹಾಸಿಗೆಯ ಬಟ್ಟೆಯನ್ನೆಲ್ಲ ಒಗೆದು ಇಸ್ತ್ರಿ ಮಾಡಿ ಮಂಚದ ಮೇಲೆ ಇಟ್ಟಿದ್ದಳು. ಬೀದಿಯಲ್ಲಿ ಸಿಕ್ಕರೆ ನಗುತ್ತಾಳೆ.

ಮೂಳೆಗಳಿಲ್ಲ ಅಂದ ಮೇಲೆ ಸೈನಿಕನನ್ನು ಉಳಿಸುವ ಕಾರಣವೇ ಇಲ್ಲ, ಗುಜರಿಗೆ ಹಾಕಿ ಅಂತ ಸಮಿತಿಯಲ್ಲಿ ಬಹಳ ಜನ ಹೇಳಿದರು. ಉಗ್ನೆ ನನ್ನ ಕಡೆ ನೋಡಿದಳು. ನಾನು ಯುರ್ಗಿಸ್ ವಿಷಯ ಹೇಳಿದೆ. ಊರಿನವರೆದುರು ಮೊದಲ ಸಲ. ಆಮೇಲೆ, “ಇವ್ನನ್ನ ಕರಗಿಸ್ಬಿಟ್ರೆ, ಇಲ್ಲಿ ಏನಾಗಿತ್ತು ಅಂತ ಯಾರೂ ಕೇಳಲ್ಲ. ನಮ್ಮಣ್ಣನ್ ವಿಷ್ಯಾನೂ ಕೇಳಲ್ಲ. ಇರ್ಲಿ, ನೆಲದ ಮೇಲೆ ನಿಂತ್ಕೊಳ್ಲಿ” ಅಂದೆ. ವಾಟ್ಸ್ಲೊವಾಸ್ ಕುರ್ಚಿಯಿಂದ ಎದ್ದು ಹೊರಗೆ ಹೋಗಿ ಸಿಗರೇಟು ಸೇದಿ ಬಂದು, “ಸರಿ, ನಿಂತ್ಕೊಳ್ಲಿ ಬಿಡಿ” ಅಂದ. ಹಾಗಾಯಿತು.

ನಾನು ಬರೆದ ಫಲಕವನ್ನು ಮೊನ್ನೆ ಹಾಕಿದರು. ಹೀಗಿದೆ:

‘ಈ ಸೈನಿಕನ ಕೆಳಗೆ ಯಾರೂ ಇಲ್ಲ. ಇವನ ಕಲ್ಲಿನ ಮೇಲಿದ್ದ ಹನ್ನೊಂದು ಜನ ಎಲ್ಲಿದ್ದಾರೆ ಎಂಬುದು ತಿಳಿಯದು. ೧೯೪೯ರಲ್ಲಿ ಎದುರಿನ ಕಲ್ಲುಗಳಿರುವ ಜಾಗದಲ್ಲಿ ಮಲಗಿಸಿದ್ದ ನಾಲ್ವರು ಎಲ್ಲಿದ್ದಾರೆ ಎಂಬುದೂ ತಿಳಿಯದು.’

ಕೆಳಗೆ ಹದಿನೈದೂ ಹೆಸರಿದೆ. ಬಿಡಿಸಿದವರು ಅಂತಲೂ ಬರೆಯಲಿಲ್ಲ, ಇನ್ನೊಂದೂ ಬರೆಯಲಿಲ್ಲ. ಎರಡೂ ಕಡೆಯವರು ಬೈಯುತ್ತಿದ್ದಾರೆ.

ತೆಕ್ಲೆ


ಸೋವೆತ್ಸ್ಕ್
೨೧ ಜುಲೈ ೨೦೨೩

ಅತ್ತಿಗೆ,

ಅಲ್ಲಿ ಏನೂ ಇಲ್ಲ ಅಂತ ಅಮ್ಮನಿಗೆ ಗೊತ್ತಿತ್ತು.

ನನ್ನ ಮದುವೆಗೆ ವಾರವಿರುವಾಗ ನನ್ನನ್ನೂ ಚೌಕಕ್ಕೆ ಕರೆದುಕೊಂಡು ಹೋದರು. ಬಟ್ಟೆ ಹಿಂಡುತ್ತಾ, “ನಿಮ್ಮಪ್ಪ ಇಲ್ಲಿಲ್ಲ ಕಣೇ” ಅಂದರು. ನಿಮ್ಮೂರಿಗೆ ಬಂದ ವರ್ಷವೇ ಅವರು ರೈತರ ಮನೆ ಮನೆಗೆ ಹೋಗಿ ವಿಚಾರಿಸಿದ್ದರಂತೆ. ಒಬ್ಬ ಮುದುಕ ಹೊಳೆಯ ದಂಡೆ ತೋರಿಸಿ, ಇಲ್ಲೇ ಎಲ್ಲೋ ಹೂತಿದ್ದರು, ಆಮೇಲೆ ಪ್ರವಾಹ ಬಂತು ಅಂದನಂತೆ. ಸ್ಮಾರಕ ಕಟ್ಟುವಾಗ ಅಮ್ಮ ಅಲ್ಲೇ ನಿಂತು ನೋಡಿದ್ದರು. ಯಾರೂ ಯಾವ ಪೆಟ್ಟಿಗೆಯನ್ನೂ ತರಲಿಲ್ಲ. ಹಾಗಾದರೆ ಇದನ್ನು ಯಾಕೆ ತೊಳೀತೀಯಮ್ಮ ಅಂತ ಕೇಳಿದೆ.

“ಎಲ್ಲೋ ಒಂದ್ ಕಡೆ ತೊಳೀಬೇಕಲ್ಲೇ” ಅಂದರು. ಅಣ್ಣನಿಗೆ ಹೇಳಬೇಡ, ಅವನು ತಡೆದುಕೊಳ್ಳೋಲ್ಲ ಅಂತಲೂ ಅಂದರು.

ಹೇಳಲಿಲ್ಲ. ನಿನ್ನ ಮೇಲೆ ಅಷ್ಟು ಸಿಟ್ಟಿನಿಂದ ಬರೆದೆನಲ್ಲ, ಮೂಳೆ ಮುಟ್ಟಬೇಡಿ ಅಂತ, ಆಗಲೂ ನನಗೆ ಗೊತ್ತಿತ್ತು. ಆಗ ಜಖಾರ್ ಹೊರಟು ಹತ್ತು ದಿನವೂ ಆಗಿರಲಿಲ್ಲ. ಯಾರ ಮೇಲಾದರೂ ಕೂಗಬೇಕಿತ್ತು.

ಹಲೀನಾ ಹೋದದ್ದು ಸರಿಯೇ. ನಾನಾಗಿದ್ದರೂ ಹೋಗುತ್ತಿದ್ದೆ.

ರಿಮ್ಮಾ


ಸೋವೆತ್ಸ್ಕ್
೧೦ ಸೆಪ್ಟೆಂಬರ್ ೨೦೨೩

ಅತ್ತಿಗೆ,

ಸ್ತಾಸೆಯ ತಾಯಿ ತೀರಿಕೊಂಡರು. ಮಣ್ಣು ಮುಗಿಸಿಕೊಂಡು ನಾಳೆ ಅವಳು ಹೊರಡುತ್ತಾಳೆ. ಇನ್ನು ಈ ಕಡೆ ಬರೋದಕ್ಕೆ ಅವಳಿಗೆ ಕಾರಣವಿಲ್ಲ. ಅದಕ್ಕೇ ಅವಸರದಲ್ಲಿ ಬರೆಯುತ್ತಿದ್ದೇನೆ.

ಸೆಪ್ಟೆಂಬರ್ ಒಂದಕ್ಕೆ ಶಾಲೆಗೆ ಹೋದೆವು. ಅಂಗಳದ ತುಂಬಾ ಮಕ್ಕಳು, ಹೂ, ಬಲೂನು. ಸೈನ್ಯದವರು ಇಬ್ಬರು ಬಂದಿದ್ದರು. ಫಲಕಕ್ಕೆ ಕೆಂಪು ಬಟ್ಟೆ ಮುಚ್ಚಿತ್ತು. ನನಗೆ ಮುಂದಿನ ಸಾಲಿನಲ್ಲಿ ಕುರ್ಚಿ. ಮಗ ಒಂದು ಪಕ್ಕ, ಸೊಸೆ ಒಂದು ಪಕ್ಕ. ಮುಖ್ಯೋಪಾಧ್ಯಾಯಿನಿ ನನ್ನ ಮಾತನ್ನು ತಾನೇ ಬರೆದು, ದೊಡ್ಡ ಅಕ್ಷರದಲ್ಲಿ ಟೈಪ್ ಮಾಡಿಸಿ ಕೊಟ್ಟಿದ್ದಳು. ಕನ್ನಡಕ ತೊಂದರೆ ಕೊಡದಿರಲಿ ಅಂತ. ಒಳ್ಳೆಯವಳೇ ಅವಳು.

ಮೈಕಿನ ಮುಂದೆ ನಿಂತು ಓದಿದೆ. ನನ್ನ ಮೊಮ್ಮಗ ಹೀಗಿದ್ದ, ಹಾಗಿದ್ದ, ದೇಶ, ಕರ್ತವ್ಯ. ಎಲ್ಲ ಓದಿದೆ. ಓದುತ್ತಿದ್ದರೆ ಬೇರೆ ಯಾರದೋ ಮೊಮ್ಮಗನ ವಿಷಯ ಅನ್ನಿಸುತ್ತಿತ್ತು, ಕಷ್ಟವಾಗಲಿಲ್ಲ. ಆಮೇಲೆ ಅಪ್ಪನ ವಿಷಯ ಬಂತು. ‘ಗೆರ್ವುಪಿಸ್‌ನ ಚೌಕದಲ್ಲಿ ಚಿರನಿದ್ರೆಯಲ್ಲಿದ್ದ ತನ್ನ ಮುತ್ತಜ್ಜನ ಹಾದಿಯಲ್ಲೇ ನಡೆದು’ ಅಂತ ಬರೆದಿತ್ತು.

ಅಲ್ಲಿ ನಿಂತೆ. ಧೈರ್ಯ ಮಾಡಬೇಕು ಅಂತ ಏನೂ ಅಂದುಕೊಂಡು ಹೋಗಿರಲಿಲ್ಲ. ಓದೋಕೆ ಆಗಲಿಲ್ಲ, ಅಷ್ಟೇ.

“ನಮ್ಮಪ್ಪ ಅಲ್ಲಿಲ್ಲ” ಅಂದೆ. ಮೈಕಿನಲ್ಲಿ ಜೋರಾಗಿ ಕೇಳಿಸಿತು. “ಅಗೆದು ನೋಡಿದಾರೆ. ಆ ಕಲ್ಲಿನ ಕೆಳಗೆ ಯಾರೂ ಇರ್ಲಿಲ್ಲ.”

ಮುಖ್ಯೋಪಾಧ್ಯಾಯಿನಿ ಬಂದು ನನ್ನ ಮೊಣಕೈ ಹಿಡಿದುಕೊಂಡಳು. ಅಜ್ಜಿ ದುಃ‌ಖದಲ್ಲಿದ್ದಾರೆ, ಎಲ್ಲರೂ ಜೋರಾಗಿ ಚಪ್ಪಾಳೆ ತಟ್ಟಿ ಅಂದಳು. ಮಕ್ಕಳು ತಟ್ಟಿದರು. ಬ್ಯಾಂಡ್ ಶುರುವಾಯಿತು. ಬಟ್ಟೆ ಎಳೆದರು. ಜಖಾರ್ ಮುಖ ಯಾರದೋ ಪಾಸ್‌ಪೋರ್ಟ್ ಫೋಟೋದ ಹಾಗಿದೆ, ಗಡ್ಡ ತೆಗೆದಿದ್ದಾರೆ.

ಎರಡು ದಿನ ಬಿಟ್ಟು ಒಬ್ಬ ಅಧಿಕಾರಿ ಮನೆಗೆ ಬಂದಿದ್ದ. ಅಗೆದ ವಿಷಯ ನಿಮಗೆ ಯಾರು ಹೇಳಿದರು ಅಂತ ಕೇಳಿದ. ಟಿ.ವಿ.ಯಲ್ಲಿ ಬಂದಿತ್ತಲ್ಲ ಅಂದೆ. ಚಹಾ ಕುಡಿದು, ವಯಸ್ಸಾದವರು ಮನೆಯಲ್ಲೇ ಆರಾಮಾಗಿ ಇರಬೇಕು ಅಂತ ಹೇಳಿ ಹೋದ. ನಿನ್ನ ಕಾಗದಗಳನ್ನೆಲ್ಲ ಒಲೆಗೆ ಹಾಕಿದೆ. ಬೇಜಾರು ಮಾಡಿಕೊಳ್ಳಬೇಡ. ನೀನೂ ಹಾಗೆ ಮಾಡು ಅಂತ ಹೇಳಲ್ಲ, ನಿಮ್ಮಲ್ಲಿ ಬೇಕಾಗಿಲ್ಲ.

ಅವತ್ತು ಶಾಲೆಯಿಂದ ಬರುವಾಗ ಮಗ ನನ್ನ ತೋಳು ಬಿಡಲಿಲ್ಲ. ಗದರುತ್ತಾನೆ ಅಂದುಕೊಂಡೆ. ಸೊಸೆ ಮುಂದೆ ಮುಂದೆ ಹೋಗುತ್ತಿದ್ದಳು, ಕೈಯಲ್ಲಿ ಯಾರೋ ಕೊಟ್ಟ ಹೂವು. ಅವಳು ಬೀಗ ತೆಗೆದು ಒಳಗೆ ಹೋದಳು. ಮಗ ಬಾಗಿಲಲ್ಲಿ ನನ್ನನ್ನು ನಿಲ್ಲಿಸಿದ. ಐವತ್ತು ದಾಟಿದ ಗಂಡಸು, ನನ್ನ ಮುಖವನ್ನೇ ನೋಡುತ್ತಾ ಮೆಲ್ಲಗೆ ಕೇಳಿದ:

“ಅಮ್ಮಾ, ಹಾಗಾದ್ರೆ ನಮಗ್ ಕೊಟ್ಟ ಪೆಟ್ಟಿಗೆಯಲ್ಲಿ?”

ಗೊತ್ತಿಲ್ಲಪ್ಪ ಅಂದೆ.

ರಿಮ್ಮಾ